ಪರದೇಶದ ಕಾಯಕವೂ ದಾಸೋಹಭಾವವೂ

ಕಾಯಕವೆಂದರೆ ಕೇವಲ ದುಡಿಮೆಯಲ್ಲ, ದಾಸೋಹವೆಂದರೆ ಕೇವಲ ದಾನವಲ್ಲ ಎಂಬುದು ಶರಣಧರ್ಮದ ಪ್ರಥಮ ಪಾಠ. ದುಡಿಮೆಯಲ್ಲಿ ಸತ್ಯವೂ ಶುದ್ಧಿಯೂ ಬೆರೆತಾಗ ಅದು ಕಾಯಕವೆನಿಸುವುದು. ಕೊಡುವಾಗ ಕೊಡುವವನೆಂಬ ಭಾವವು ಕರಗಿದಾಗ ಅದು ದಾಸೋಹವೆನಿಸುವುದು. ದಾನದಲ್ಲಿ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಿಯಾದರೋ ಕೊಡುವವನೇ ದಾಸನು. ಹನ್ನೆರಡನೆಯ ಶತಮಾನದ ಶರಣರು ಈ ಎರಡು ತತ್ತ್ವಗಳನ್ನು ಹಗ್ಗ ಹೊಸೆಯುವವನ, ದೋಣಿ ನಡೆಸುವವನ, ಪಾದರಕ್ಷೆ ಹೊಲಿಯುವವನ, ಅಕ್ಕಿ ಆಯುವವನ ನಿತ್ಯಜೀವನದಲ್ಲಿಯೇ ನಿಲ್ಲಿಸಿ ತೋರಿದರು. ಕಾಲವು ಮುಂದುವರಿದಂತೆ ಹೊಸ ಕಾಯಕಗಳು ಹುಟ್ಟುತ್ತವೆ. ಅವುಗಳನ್ನೂ ಇದೇ ಒರೆಗಲ್ಲಿಗೆ ತಿಕ್ಕಿ ನೋಡುವುದು ವಿಚಾರವಂತರಿಗೆ ಉಚಿತ.

ಅಂತಹ ಹೊಸ ಕಾಯಕಗಳಲ್ಲೊಂದು ಇಲ್ಲಿ ವಿಚಾರಣೀಯವಾಗಿದೆ. ಇಂಜಿನಿಯರಿಂಗ್ ವಿದ್ಯಾರ್ಥಿಗಳು ವ್ಯಾಸಂಗದ ನಡುವೆ, ಇಲ್ಲವೆ ಅದು ಮುಗಿದೊಡನೆ, ಕೆಲವು ವಾರ ಅಥವಾ ಕೆಲವು ತಿಂಗಳು ಪರದೇಶಕ್ಕೆ ಹೋಗಿ, ಧರ್ಮಾರ್ಥ ಸಂಸ್ಥೆಗಳ ಶಾಲೆ, ಆಸ್ಪತ್ರೆ, ಅನಾಥಾಲಯಗಳಿಗೂ ಬಡ ಹಳ್ಳಿಗಳಿಗೂ ಬೇಕಾದ ಕಟ್ಟಡ, ಬಾವಿ, ಚರಂಡಿ, ಕಿರುಸೇತುವೆಗಳ ನಕ್ಷೆಯನ್ನು ತಯಾರಿಸಿಕೊಡುವ ಪದ್ಧತಿಯೊಂದು ಬೆಳೆದಿದೆ. ಇದನ್ನು ಇಂಟರ್ನ್‌ಶಿಪ್ ಎನ್ನುವರು. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಬರ್ನಾರ್ಡ್ ಅಮಡೆ ಎಂಬವರು 2000ದಲ್ಲಿ ಬೆಲೀಜ್ ದೇಶದ ಸ್ಯಾನ್ ಪಾಬ್ಲೊ ಎಂಬ ಹಳ್ಳಿಗೆ ಹೋಗಿದ್ದಾಗ, ಅಲ್ಲಿಯ ಹೆಣ್ಣುಮಕ್ಕಳು ನದಿಯಿಂದ ನೀರು ಹೊರುವುದರಲ್ಲಿಯೇ ದಿನ ಕಳೆದು ಶಾಲೆಗೆ ದೂರವಾಗಿದ್ದುದನ್ನು ಕಂಡರು. ಅನಂತರ ತಮ್ಮ ವಿದ್ಯಾರ್ಥಿಗಳನ್ನು ಕರೆದೊಯ್ದು, ಸಮೀಪದ ಜಲಪಾತದ ಬಲದಿಂದಲೇ ನೀರನ್ನು ಊರಿಗೆ ಏರಿಸುವ ವ್ಯವಸ್ಥೆ ಮಾಡಿದರು. 2002ರಲ್ಲಿ ಅವರು ಕಟ್ಟಿದ 'ಎಂಜಿನಿಯರ್ಸ್ ವಿತೌಟ್ ಬಾರ್ಡರ್ಸ್' ಎಂಬ ಅಮೆರಿಕದ ಸಂಸ್ಥೆಯ ಮೂಲ ಅದೇ. ಇಂತಹ ಸಂಸ್ಥೆಗಳು ಇಂದು ಅನೇಕ ದೇಶಗಳಲ್ಲಿವೆ.

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಒಕ್ಕಲು ಮನೆತನಗಳ ಮಕ್ಕಳಿಗೂ ಇಂದು ಈ ವಿದ್ಯೆ ದೂರವಾಗಿ ಉಳಿದಿಲ್ಲ. ಹಾವೇರಿಯ ಬಳಿ ದೇವಗಿರಿಯಲ್ಲಿಯೇ 2007ರಿಂದ ಸರಕಾರಿ ಇಂಜಿನಿಯರಿಂಗ್ ಕಾಲೇಜು ನಡೆದಿದೆ. ಹುಬ್ಬಳ್ಳಿ, ಬಾಗಲಕೋಟೆ, ದಾವಣಗೆರೆಗಳಿಗೆ ಹೋಗಿ ಓದುವವರೂ ಬಹಳ. ಆದುದರಿಂದ ಇಂದಲ್ಲ ನಾಳೆ ಈ ಪ್ರಶ್ನೆ ಈ ಸೀಮೆಯ ಮನೆಬಾಗಿಲಿಗೂ ಬರುವುದು: ಹೀಗೆ ಪರದೇಶಕ್ಕೆ ಹೋಗಿ ಮಾಡುವ ಕೆಲಸವು ದಾಸೋಹವೇ, ಸ್ವಂತ ವ್ಯಾಸಂಗವೇ, ಅಥವಾ ಸೇವೆಯ ಹೆಸರಿನ ಯಾತ್ರೆಯೇ? ಅಲ್ಲಿ ಕೊಡುವವರಾರು, ಕೊಳ್ಳುವವರಾರು?

ಮೊದಲಿಗೆ ಎದ್ದು ನಿಲ್ಲುವ ಪೂರ್ವಪಕ್ಷವು ಸಹಜವಾದುದೇ. 'ಮನೆಯ ದೀಪಕ್ಕೆ ಎಣ್ಣೆಯಿಲ್ಲದಿರುವಾಗ ಪರರ ಊರಿಗೆ ಪಂಜು ಹಿಡಿಯುವುದೇಕೆ? ಹಿರೇಕೆರೂರೆಂಬ ಹೆಸರಿನಲ್ಲಿಯೇ ಕೆರೆಯಿದೆ. ಹಾನಗಲ್ಲು ಸೀಮೆಯಲ್ಲಿ ಧರ್ಮಾ ನದಿಯ ನೀರು ಕಾಲುವೆಗಳ ಮೂಲಕ ಕೆರೆಗಳಿಗೆ ಹರಿದು ಭತ್ತದ ಗದ್ದೆಗಳನ್ನು ಸಾಕುತ್ತ ಬಂದಿದೆ. ಮಾಸೂರಿನ ಬಳಿ ಕುಮುದ್ವತಿಗೆ ಅಡ್ಡಲಾಗಿ ಗುಡ್ಡಗಳ ನಡುವೆ ಒಡ್ಡು ಹಾಕಿ ಹಿಂದಿನವರು ಮದಗದ ಕೆರೆಯನ್ನು ಕಟ್ಟಿದರು. ಇಂತಹ ಸೀಮೆಯಲ್ಲಿಯೂ ಹೂಳು ತುಂಬಿದ ಕೆರೆಗಳಿವೆ, ಕಟ್ಟಿಕೊಂಡ ತೂಬುಗಳಿವೆ. ಮಳೆ ತಪ್ಪಿದ ವರ್ಷ ಶಿಗ್ಗಾವಿ ಸವಣೂರುಗಳ ಬೆದ್ದಲು ಹೊಲದ ರೈತನು ಮುಗಿಲನ್ನು ನೋಡುತ್ತ ನಿಲ್ಲುತ್ತಾನೆ. ಇವನ್ನು ಬಿಟ್ಟು ಸಮುದ್ರ ದಾಟುವುದು ಧರ್ಮವೇ?'

ಈ ಮಾತಿನಲ್ಲಿ ಅರ್ಧ ಸತ್ಯವಿದೆ. ದೂರದ ಬಡತನವು ಮಾತ್ರ ಕಣ್ಣಿಗೆ ಬಿದ್ದು, ಹಿತ್ತಲಿನ ಬಡತನವು ಕಾಣದೆ ಹೋದರೆ, ಅಂಥವನ ಕಣ್ಣಿನಲ್ಲಿ ಕರುಣೆಗಿಂತ ಕೀರ್ತಿಯ ಆಸೆಯೇ ಹೆಚ್ಚಾಗಿದೆ ಎನ್ನಬೇಕು. ಆದರೂ ಸೇವೆಗೆ ಸೀಮೆಯ ಕಲ್ಲು ನೆಡುವುದು ಶರಣರಿಗೆ ಸಮ್ಮತವಲ್ಲ. ಜಂಗಮವೆಂಬ ಶಬ್ದಕ್ಕೇ ಚಲಿಸುವುದು ಎಂದರ್ಥ. ಹಾನಗಲ್ಲ ವಿರಕ್ತಮಠದ ಕುಮಾರ ಶಿವಯೋಗಿಗಳು ತಮ್ಮ ಮಠದ ಪೌಳಿಯೊಳಗೇ ನಿಲ್ಲದೆ, 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭಾ ತೀರದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿ ನಾಡಿಗೆಲ್ಲ ಉಪಕಾರ ಮಾಡಿದರು. ಸರ್ ಎಂ. ವಿಶ್ವೇಶ್ವರಯ್ಯನವರು 1906ರಲ್ಲಿ ಅರಬ್ಬೀ ಕಡಲಾಚೆಯ ಏಡನ್ ಪಟ್ಟಣಕ್ಕೆ ಹೋಗಿ, ಅಲ್ಲಿಯ ಕುಡಿಯುವ ನೀರು ಮತ್ತು ಚರಂಡಿಗಳ ವಿಷಯದಲ್ಲಿ ಸಲಹೆ ಕೊಟ್ಟರು. ಸವಣೂರಿನ ಕಲ್ಮಠದ ಆವರಣದಲ್ಲಿ ದೊಡ್ಡ ಹುಣಸೆಯೆಂದು ಪ್ರಸಿದ್ಧವಾದ ಮಹಾವೃಕ್ಷಗಳ ಕುಲವಾದರೂ ಎಲ್ಲಿಯದು? ಅದು ಆಫ್ರಿಕಾ ಖಂಡದ್ದು. ಹೊರಗಿನಿಂದ ಬಂದ ಬೀಜವು ಈ ಮಣ್ಣಿನ ನೀರನ್ನುಂಡು, ಈ ನುಡಿಯ ಹೆಸರನ್ನೇ ಪಡೆದು ನಿಂತಿತು. ಆ ನೆರಳಿನಲ್ಲಿ ಕುಳಿತವರಾರೂ ಬೀಜ ತಂದವನ ಹೆಸರನ್ನು ಕೇಳುವುದಿಲ್ಲ. ಒಳ್ಳೆಯದು ಎಲ್ಲಿಂದಲೂ ಬರಬಹುದು, ಎಲ್ಲಿಗೂ ಹೋಗಬಹುದು. ಆದುದರಿಂದ ಹೋಗುವುದು ದೋಷವಲ್ಲ. ಹೇಗೆ ಹೋಗುವುದು ಎಂಬುದೇ ವಿಚಾರ. ವಿಶ್ವೇಶ್ವರಯ್ಯನವರು ಏಡನ್ನಿಗೆ ಹೋದಾಗ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿ ಇಪ್ಪತ್ತೆರಡು ವರ್ಷಗಳಾಗಿದ್ದವು ಎಂಬುದನ್ನೂ ಇಲ್ಲಿ ಮರೆಯಲಾಗದು. ಇಪ್ಪತ್ತೆರಡು ವರ್ಷ ದುಡಿದು ಹೋಗುವವನ ಸ್ಥಿತಿಯೇ ಬೇರೆ, ಇಪ್ಪತ್ತೆರಡು ವರ್ಷ ವಯಸ್ಸಿಗೆ ಹೋಗುವವನ ಸ್ಥಿತಿಯೇ ಬೇರೆ.

ಎರಡನೆಯ ಪೂರ್ವಪಕ್ಷವು ಇನ್ನೂ ಸೂಕ್ಷ್ಮವಾದುದು. 'ಭಾವವು ಶುದ್ಧವಾಗಿದ್ದರೆ ಸಾಕು. ಹೋಗುವವನು ಲಾಭಕ್ಕಾಗಿ ಹೋಗುವುದಿಲ್ಲ. ಬಡವರಿಗೆ ನೀರು ಕೊಡಲೆಂದೇ ಹೋಗುತ್ತಾನೆ. ಕೆಲಸದಲ್ಲಿ ಹೆಚ್ಚು ಕಡಿಮೆಯಾದರೂ ಅವನ ಸಂಕಲ್ಪವು ಅವನನ್ನು ಕಾಯುವುದು.' ಕೇಳಲು ಇದು ಮಧುರ. ಆದರೆ ಲೋಕದ ಅನುಭವವು ಬೇರೆಯೇ ಇದೆ.

ಬಾಂಗ್ಲಾದೇಶದ ಉದಾಹರಣೆಯೊಂದೇ ಸಾಕು. ಅಲ್ಲಿಯ ಜನರು ಕೆರೆಕುಂಟೆಗಳ ಮಲಿನ ಜಲವನ್ನು ಕುಡಿದು ವಾಂತಿಭೇದಿಗೆ ತುತ್ತಾಗುತ್ತಿದ್ದರು. ಎಳೆಯ ಮಕ್ಕಳು ಸಾಯುತ್ತಿದ್ದರು. ಆದುದರಿಂದ 1970ರ ದಶಕದಿಂದ ಯುನಿಸೆಫ್ ಮುಂತಾದ ಪರೋಪಕಾರಿ ಸಂಸ್ಥೆಗಳೂ ಸರಕಾರವೂ ಸೇರಿ ಕೊಳವೆಬಾವಿಗಳನ್ನು ಹಾಕಿಸುತ್ತ ಹೋದರು. ಸಂಕಲ್ಪವು ನಿರ್ಮಲ, ನೀರೂ ಕಣ್ಣಿಗೆ ನಿರ್ಮಲ. ಆದರೆ ಆ ನೆಲದಡಿಯ ಜಲದಲ್ಲಿ ಶಂಖಪಾಷಾಣವು ಕರಗಿತ್ತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. 1993ರಲ್ಲಿ ಅದು ಬಾವಿಗಳಲ್ಲಿ ಪತ್ತೆಯಾಗುವ ಹೊತ್ತಿಗೆ ಕೋಟ್ಯಂತರ ಜನ ಅದೇ ನೀರನ್ನು ಕುಡಿಯುತ್ತಿದ್ದರು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಲೇಖನವು ಇದನ್ನು ಇತಿಹಾಸದಲ್ಲಿಯೇ ಒಂದು ಜನಸಮೂಹಕ್ಕೆ ಒದಗಿದ ಅತಿದೊಡ್ಡ ವಿಷಪ್ರಾಶನವೆಂದು ವರ್ಣಿಸಿತು. ಬಾವಿ ತೋಡಿಸಿದವರಲ್ಲಿ ಕರುಣೆಗೆ ಕೊರತೆಯಿರಲಿಲ್ಲ; ಕೊರತೆಯಿದ್ದುದು ಪರೀಕ್ಷೆಗೆ. ಕುಡಿಯುವವನ ದೇಹವು ಕೊಟ್ಟವನ ಸಂಕಲ್ಪವನ್ನು ಕೇಳುವುದಿಲ್ಲ. ಅರಿವಿಲ್ಲದ ಆಚಾರವು ಕುರುಡೆಂಬ ಮಾತು ಇಲ್ಲಿ ಅಕ್ಷರಶಃ ನಿಜವಾಯಿತು.

ಇದರ ಮುಂದಿನ ಕಥೆ ಇನ್ನೂ ವಿಚಾರಾರ್ಹ. 1992ರಲ್ಲಿ ಬ್ರಿಟಿಷ್ ಭೂವಿಜ್ಞಾನ ಸಂಸ್ಥೆಯ ತಜ್ಞರು ಬಾಂಗ್ಲಾದ ಕೆಲವು ಬಾವಿಗಳ ನೀರನ್ನು ಹಲವು ವಸ್ತುಗಳಿಗಾಗಿ ಪರೀಕ್ಷಿಸಿದ್ದರು. ಆ ಪಟ್ಟಿಯಲ್ಲಿ ಶಂಖಪಾಷಾಣವಿರಲಿಲ್ಲ. ನೀರು ಕುಡಿದು ಕೆಟ್ಟ ಹಳ್ಳಿಗನೊಬ್ಬನು ಇಂಗ್ಲೆಂಡಿನ ನ್ಯಾಯಾಲಯದ ಮೊರೆಹೊಕ್ಕನು. 2006ರಲ್ಲಿ ಹೌಸ್ ಆಫ್ ಲಾರ್ಡ್ಸ್ ಸಭೆಯು, ಆ ತಜ್ಞರಿಗೂ ಈ ಹಳ್ಳಿಗನಿಗೂ ಹೊಣೆ ಹುಟ್ಟುವಷ್ಟು ಸಾಮೀಪ್ಯವಿರಲಿಲ್ಲವೆಂದು ಅವನ ದಾವೆಯನ್ನು ತಳ್ಳಿಹಾಕಿತು. ಕಾನೂನಿನ ದೃಷ್ಟಿಯಿಂದ ಆ ತೀರ್ಪು ಸರಿಯಿರಬಹುದು. ಕಾನೂನು ಎಲ್ಲಿಯಾದರೂ ಒಂದು ಗೆರೆಯನ್ನು ಎಳೆಯಲೇಬೇಕು. ಆದರೆ ಧರ್ಮದ ಪ್ರಶ್ನೆ ಆ ಗೆರೆಯ ಆಚೆಗೇ ಆರಂಭವಾಗುತ್ತದೆ. ಸಾವಿರಾರು ಹರದಾರಿ ದೂರದಲ್ಲಿ ಕುಳಿತು ನಕ್ಷೆ ಬರೆದವನಿಗೂ ಆ ನೀರನ್ನು ಕುಡಿಯುವ ಕೂಸಿಗೂ ಸಂಬಂಧವಿದೆಯೇ, ಇಲ್ಲವೇ?

ಈ ಪ್ರಶ್ನೆಗೆ ಉತ್ತರವನ್ನು ಹುಡುಕುವಾಗ ಶಿವಯೋಗಿ ಸಿದ್ಧರಾಮೇಶ್ವರರ ಚರಿತ್ರೆ ನೆನಪಿಗೆ ಬಾರದೆ ಇರದು. ಶರಣರಲ್ಲಿ ಕಟ್ಟುವ ಕಾಯಕದ ಮಹಾಪುರುಷರೆಂದರೆ ಅವರೇ. ಸೊನ್ನಲಿಗೆಯಲ್ಲಿ ಅವರು ಕೆರೆ ತೋಡಿಸಿದರು, ಗುಡಿ ಕಟ್ಟಿಸಿದರು. ಅವರ ಜೊತೆಗೆ ಸಾವಿರಾರು ಜನ ಮಣ್ಣು ಹೊತ್ತರು. ಆ ಊರಿಗೆ ಅಲ್ಲಮಪ್ರಭುಗಳು ಬಂದ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ವಿಸ್ತಾರವಾಗಿ ಬಂದಿದೆ. ಪ್ರಭುಗಳು ಬಂದವರೇ ಸಿದ್ಧರಾಮರನ್ನು ಕಲ್ಲುಮಣ್ಣಿನ ಕೆಲಸದ ಒಡ್ಡನೆಂದು ಕರೆದು ಕೇಳಿದರು. ಕೆಲಸದವರು ಕೆರಳಿ ಕಲ್ಲೆಸೆದರು. ಕೊನೆಗೆ ಸಂವಾದವಾಗಿ, ಸಿದ್ಧರಾಮರು ತಮ್ಮ ಅಂತರಂಗದಲ್ಲಿ ಅಡಗಿದ್ದ ಕರ್ತೃತ್ವಭಾವವನ್ನು ಕಂಡುಕೊಂಡು ಪ್ರಭುಗಳ ಸಂಗಡ ಕಲ್ಯಾಣಕ್ಕೆ ಹೋದರು.

ಈ ಪ್ರಸಂಗವನ್ನು ಓದಿದ ಕೆಲವರು ಹೀಗೆ ವಾದಿಸುವುದುಂಟು: 'ಮಾಡಿದೆನೆಂಬುದನ್ನೇ ಬಿಡಬೇಕೆಂದು ಪ್ರಭುಗಳು ಬೋಧಿಸಿದರಲ್ಲವೆ? ಹಾಗಾದರೆ ಕಟ್ಟಿ ಬಂದ ಮೇಲೆ ಅದರ ಗುಣದೋಷಗಳ ಚಿಂತೆಯೂ ಬಂಧನವೇ. ಮಾಡುವುದು, ಬಿಟ್ಟುಬಿಡುವುದು, ಫಲವು ಶಿವನದು.' ಇಲ್ಲಿ ಒಂದೇ ಮಾತಿನ ಎರಡು ಅರ್ಥಗಳು ಬೆರೆತು ಭ್ರಾಂತಿ ಹುಟ್ಟಿದೆ. 'ನಾನು ಮಾಡಿದೆನು' ಎಂಬುದಕ್ಕೆ ಒಂದರ್ಥ, 'ಇದರ ಕೀರ್ತಿ ನನ್ನದು' ಎಂದು. ಇನ್ನೊಂದರ್ಥ, 'ಇದರಲ್ಲಿ ತಪ್ಪಿದ್ದರೆ ಅದು ನನ್ನದು' ಎಂದು. ಮೊದಲನೆಯದು ಹೆಮ್ಮೆ, ಎರಡನೆಯದು ಹೊಣೆ. ಪ್ರಭುಗಳು ಕಿತ್ತೊಗೆದುದು ಹೆಮ್ಮೆಯ ಬೇರನ್ನು, ಹೊಣೆಯ ಬೇರನ್ನಲ್ಲ. ಅವರು ಕೆರೆಯ ಒಡ್ಡನ್ನು ಒಡೆಯಲು ಹೇಳಲಿಲ್ಲ. ಸಿದ್ಧರಾಮರ ಕೆರೆಯೂ ಅದರ ನಡುವಣ ಗುಡಿಯೂ ಇಂದಿಗೂ ಸೊಲ್ಲಾಪುರದಲ್ಲಿವೆ. ಲೋಕದ ರೀತಿ ಇದಕ್ಕೆ ತಿರುಗುಮುರುಗು. ಕೆಲಸ ನೆಟ್ಟಗಾದರೆ ಕಲ್ಲಿನ ಮೇಲೆ ಹೆಸರು ಕೊರೆಯಿಸುವರು. ಕೆಟ್ಟರೆ ದೈವದ ಮೇಲೆ ಹಾಕುವರು. ಶರಣನ ರೀತಿಯಲ್ಲಿ ಹೆಸರು ಅಳಿಯಬೇಕು, ಹೊಣೆ ಉಳಿಯಬೇಕು. ಇದೇ ಇಲ್ಲಿಯ ಸಿದ್ಧಾಂತ. ಪರದೇಶದ ಕಾಯಕದಲ್ಲಿ ಈ ಸಿದ್ಧಾಂತವು ಇಮ್ಮಡಿ ಅಗತ್ಯವಾದುದು. ಏಕೆಂದರೆ ಊರಿನಲ್ಲಿ ಕಟ್ಟಿದವನು ನಾಳೆ ಅದೇ ಊರಿನ ಸಂತೆಯಲ್ಲಿ ಜನರ ಮುಖ ನೋಡಬೇಕು. ಪರದೇಶಕ್ಕೆ ಹೋದವನು ವಿಮಾನವನ್ನೇರಿದೊಡನೆ ಆ ಮುಖಗಳಿಂದ ಬಿಡುಗಡೆ ಹೊಂದುತ್ತಾನೆ. ಅವನನ್ನು ಹಿಡಿದು ನಿಲ್ಲಿಸುವ ಸಾಕ್ಷಿ ಅವನ ಅಂತರಂಗವೊಂದೇ.

ಈ ಹೊಣೆಯು ಅಂತರಂಗದಲ್ಲಿದ್ದರೆ ಬಹಿರಂಗದಲ್ಲಿ ಹೇಗೆ ತೋರುವುದು? ಮೇಲೆ ಹೇಳಿದ ಅಮೆರಿಕದ ಸಂಸ್ಥೆಯು, ಒಂದು ಹಳ್ಳಿಯನ್ನು ಕೈಗೆತ್ತಿಕೊಂಡ ವಿದ್ಯಾರ್ಥಿಮಂಡಲಿಯು ಕನಿಷ್ಠ ಐದು ವರ್ಷ ಅದರ ಸಂಬಂಧವನ್ನು ಬಿಡಬಾರದೆಂದು ನಿಯಮ ಮಾಡಿಕೊಂಡಿತು. ಓದುವವರು ಬದಲಾದರೂ ಮಂಡಲಿ ಬದಲಾಗದು. ಅನುಭವಿಗಳಾದ ಇಂಜಿನಿಯರರು ವಿದ್ಯಾರ್ಥಿಗಳ ಬೆನ್ನಿಗಿರುವರು. ಕೆನಡಾ ದೇಶದ ಅದೇ ಹೆಸರಿನ ಸಂಸ್ಥೆಯು 2008ರಿಂದ ತನ್ನ ಸೋಲುಗಳನ್ನೇ ವಿವರಿಸುವ ವಾರ್ಷಿಕ ವರದಿಯನ್ನು ಪ್ರಕಟಿಸುವ ಪರಿಪಾಠವನ್ನು ಹಾಕಿತು. ದಾನಿಗಳ ಮುಂದೆ ಸಾಧನೆಯನ್ನು ಹೇಳುವುದು ಸುಲಭ. ಸೋಲನ್ನು ಬಿಚ್ಚಿ ಹೇಳುವುದು ಸತ್ಯಶುದ್ಧಿಯ ಲಕ್ಷಣ. ಇವರಾರೂ ವಚನಗಳನ್ನು ಓದಿದವರಲ್ಲ. ಆದರೂ ಸತ್ಯವನ್ನು ಹುಡುಕುವವರು ಯಾವ ದಾರಿಯಿಂದ ಹೊರಟರೂ ಒಂದೇ ಕಟ್ಟೆಗೆ ಬಂದು ಕೂಡುವರೆಂಬುದಕ್ಕೆ ಇದು ನಿದರ್ಶನ.

ಇನ್ನೊಂದು ಗುರುತೆಂದರೆ, ಕೊಟ್ಟ ವಸ್ತುವು ಕೊಂಡವರ ಕೈವಶವಾಗುವುದು. ಇದಕ್ಕೆ ಪ್ರತಿಯಾದ ಪ್ರಸಂಗವೊಂದು ದಕ್ಷಿಣ ಆಫ್ರಿಕಾದ ಕಡೆಯಿಂದ ವರದಿಯಾಯಿತು. ಮಕ್ಕಳು ತಿರುಗುಮಣೆಯಲ್ಲಿ ಕುಳಿತು ಆಡುತ್ತಿದ್ದರೆ ತಾನಾಗಿ ನೀರೇರುವ 'ಪ್ಲೇಪಂಪ್' ಎಂಬ ಯಂತ್ರಕ್ಕೆ 2006ರಲ್ಲಿ ಅಮೆರಿಕದಲ್ಲಿ 1 ಕೋಟಿ 64 ಲಕ್ಷ ಡಾಲರುಗಳ ನೆರವು ಘೋಷಣೆಯಾಯಿತು. ನೋಡಿದವರೆಲ್ಲ ಕೊಂಡಾಡಿದರು. ಆದರೆ ನೀರು ಬೇಕಾದ ಹೊತ್ತಿಗೆಲ್ಲ ಮಕ್ಕಳಿಗೆ ಆಟ ಬೇಕಾಗಿರುವುದಿಲ್ಲ. ಬೆಳಗಿನ ಜಾವ ಕೊಡ ಹಿಡಿದು ಬಂದ ತಾಯಂದಿರೇ ಆ ತಿರುಗುಮಣೆಯನ್ನು ಬಗ್ಗಿ ದೂಡಬೇಕಾಯಿತು. ಕೆಟ್ಟಾಗ ಹಳ್ಳಿಯವರ ಕೈಯಲ್ಲಿ ದುರಸ್ತಿಯಾಗಲಿಲ್ಲ. ಕೆಲವೇ ವರ್ಷಗಳಲ್ಲಿ ಆ ಉತ್ಸಾಹವು ಅಡಗಿತು. ನೀರು ಹೊರುವವಳನ್ನು ಮೊದಲೇ ಒಂದು ಮಾತು ಕೇಳಿದ್ದರೆ ಆಕೆಯೇ ಇದನ್ನು ಹೇಳುತ್ತಿದ್ದಳು.

ಇದಕ್ಕೆ ವಿರುದ್ಧವಾದ ಶುಭೋದಾಹರಣೆ ಸಿದ್ಧರಾಮರ ಸೊಲ್ಲಾಪುರದಿಂದಲೇ ದೊರೆಯುತ್ತದೆ. 1970ರ ದಶಕದ ಮೊದಲಿಗೆ ಭಾರತದ ಹಳ್ಳಿಗಳಲ್ಲಿ ಹಾಕಿದ್ದ ಬೀಡುಕಬ್ಬಿಣದ ಕೈಪಂಪುಗಳಲ್ಲಿ ಬಹುಪಾಲು ಕೆಟ್ಟು ನಿಂತಿದ್ದವು. ಯುರೋಪು ಅಮೆರಿಕಗಳಲ್ಲಿ ಒಂದು ಮನೆಯವರ ಬಳಕೆಗೆಂದು ಹುಟ್ಟಿದ ಮಾದರಿ ಅದು. ಇಲ್ಲಿ ಊರಿಗೆ ಊರೇ ಬೆಳಗಿನಿಂದ ಬೈಗಿನವರೆಗೆ ಅದನ್ನು ಜಗ್ಗುತ್ತಿತ್ತು. ಆಗ ಸೊಲ್ಲಾಪುರದಲ್ಲಿ, ಶಾಲೆಯ ಪಾಠದಿಂದಲ್ಲದೆ ಸ್ವಂತ ಕೈಕೆಲಸದಿಂದ ಕಲಿತ ಮೆಕ್ಯಾನಿಕನೊಬ್ಬನು ರೂಪಿಸಿದ ಉಕ್ಕಿನ ಪಂಪು ಗಟ್ಟಿಯಾಗಿ ನಿಂತಿತು. ಅದನ್ನೇ ಆಧಾರ ಮಾಡಿಕೊಂಡು ಯುನಿಸೆಫ್ ಸಂಸ್ಥೆಯೂ ಸರಕಾರವೂ ಮದರಾಸಿನ ಕಾರ್ಖಾನೆಯ ತಜ್ಞರೂ ಕೂಡಿ, ಹಳ್ಳಿಗಳಲ್ಲಿ ಪರೀಕ್ಷಿಸಿ ತಿದ್ದಿ 'ಇಂಡಿಯಾ ಮಾರ್ಕ್ 2' ಎಂಬ ಕೈಪಂಪನ್ನು ಸಿದ್ಧಗೊಳಿಸಿದರು. ಹಿಡಿಕೆಯ ತುದಿಯಲ್ಲಿ ಸರಪಳಿಯಿರುವುದರಿಂದ ಒಳಗಿನ ಸಲಾಕೆ ಅತ್ತಿತ್ತ ವಾಲದೆ ನೇರವಾಗಿ ಏರಿಳಿಯುವುದು. ಕರ್ನಾಟಕದ ಹಳ್ಳಿಯ ಹಾದಿಬದಿಗಳಲ್ಲಿ ಎರಡು ತಲೆಮಾರು ಕೊಡ ತುಂಬಿದ ಪಂಪು ಇದೇ. ಆಫ್ರಿಕಾದ ಅನೇಕ ದೇಶಗಳ ಹಳ್ಳಿಗಳಿಗೂ ಇದು ಹೋಯಿತು. ಅಲ್ಲಿ ಕೊಡ ತುಂಬುವ ತಾಯಂದಿರು ಆ ಮೆಕ್ಯಾನಿಕನ ಹೆಸರನ್ನು ಬಲ್ಲವರಲ್ಲ. ಹೆಸರು ಅಳಿಯಿತು, ನೀರು ಉಳಿಯಿತು. ದೊಡ್ಡ ಪದವಿಯ ತಜ್ಞರು ಪದವಿಯಿಲ್ಲದವನ ಕೈಕೆಲಸದ ಮುಂದೆ ಬಾಗಿ ಕಲಿತರೆಂಬುದೇ ಈ ಕಥೆಯ ಸಾರ.

ಆದುದರಿಂದ ಪರದೇಶಕ್ಕೆ ಹೋಗುವ ತರುಣನು ಮೊದಲು ತಿಳಿಯತಕ್ಕದ್ದು ಇದು: ಆ ಹಳ್ಳಿಯಲ್ಲಿ ದಾಸೋಹವನ್ನು ಉಣ್ಣುವವನು ತಾನು. ಗ್ರಂಥದಲ್ಲಿ ಓದಿದುದನ್ನು ಮಣ್ಣಿನಲ್ಲಿ ಪರೀಕ್ಷಿಸಿ ನೋಡುವ ಅವಕಾಶವನ್ನು ಅಲ್ಲಿಯ ಬಡವರು ಅವನಿಗೆ ಕೊಡುತ್ತಾರೆ. ತಮ್ಮ ಜಲವನ್ನು, ತಮ್ಮ ಮಕ್ಕಳ ಶಾಲೆಯ ಮಾಳಿಗೆಯನ್ನು, ಅವನ ಕಲಿಕೆಗೆ ಒಪ್ಪಿಸುತ್ತಾರೆ. ಹಿಂದಿರುಗಿದ ಮೇಲೆ ಅವನಿಗೆ ಪ್ರಮಾಣಪತ್ರವಿದೆ, ಉದ್ಯೋಗದಲ್ಲಿ ಮನ್ನಣೆಯಿದೆ. ಅವರಿಗೆ ಉಳಿಯುವುದು ಅವನ ನಕ್ಷೆಯ ಗುಣ ಅಥವಾ ದೋಷ. ಹೀಗಿರುವಾಗ ಉಪಕಾರ ಮಾಡಿದೆನೆಂದು ಬೀಗುವುದು ಉಂಡ ಮನೆಯ ಲೆಕ್ಕವನ್ನು ತಲೆಕೆಳಗು ಬರೆದಂತೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಅದನ್ನು ತಂದಲ್ಲಿಗೇ ಒಯ್ದು ಸುರಿದು ಬರಲು ಹೇಳಿದಳು. ಪರರ ಬಡತನದ ಅಂಗಳದಿಂದ ಚಿತ್ರಪಟಗಳನ್ನೂ ಹೊಗಳಿಕೆಯನ್ನೂ ಮಡಿಲು ತುಂಬ ಆಯ್ದು ತರುವವನಿಗೆ ಲಕ್ಕಮ್ಮನ ಮಾತು ಇಂದಿಗೂ ಸಲ್ಲುವುದು.

ಈ ಸೀಮೆಯ ಮಕ್ಕಳಿಗೆ ಈ ಋಣದ ತಿಳಿವು ಕಷ್ಟವಾಗಬೇಕಾಗಿಲ್ಲ. ಮಠಗಳ ಪ್ರಸಾದನಿಲಯಗಳಲ್ಲಿ ಉಂಡು ಓದಿ ಮೇಲೆ ಬಂದವರು ಈ ನಾಡಿನಲ್ಲಿ ಅಸಂಖ್ಯಾತರು. ಆ ಅನ್ನಕ್ಕೆ ಜೋಳಿಗೆಯಲ್ಲಿ ಒಂದು ಸೇರು ಜೋಳ ಹಾಕಿದ ಮುದುಕಿಯು, ಅದನ್ನು ಉಂಡ ಹುಡುಗ ಯಾರೆಂದು ಕೇಳಲಿಲ್ಲ. ಹಾನಗಲ್ಲು ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಕುರುಡ ಬಾಲಕನೊಬ್ಬನನ್ನು ಕುಮಾರ ಶಿವಯೋಗಿಗಳು ಆಶ್ರಯಕ್ಕೆ ತೆಗೆದುಕೊಂಡಾಗ, ಅವನಿಗೆ ಅನ್ನವನ್ನು ಮಾತ್ರ ಕೊಡಲಿಲ್ಲ, ಸಂಗೀತವಿದ್ಯೆಯನ್ನು ಕೊಡಿಸಿದರು. ಆ ಬಾಲಕನೇ ಮುಂದೆ ಪಂಚಾಕ್ಷರ ಗವಾಯಿಗಳಾಗಿ, ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅನೇಕ ಅಂಧರಿಗೂ ಅನಾಥರಿಗೂ ಅನ್ನವನ್ನೂ ವಿದ್ಯೆಯನ್ನೂ ಇತ್ತರು. ಕೊಂಡವನು ಕೊಡುವವನಾಗುವಂತೆ ಕೊಡುವುದೇ ದಾಸೋಹದ ಪರಾಕಾಷ್ಠೆ. ಬಾವಿಯ ವಿಷಯದಲ್ಲಿಯೂ ಇದೇ ನ್ಯಾಯ. ಪಂಪನ್ನು ಹಾಕುವುದರೊಡನೆ ಅದನ್ನು ಬಿಚ್ಚಿ ಜೋಡಿಸಲು ಆ ಊರಿನ ಇಬ್ಬರಿಗೆ ಕಲಿಸಿ ಬಂದವನು, ಬಾವಿಯನ್ನಲ್ಲ, ಬಾವಿ ಕಾಯುವವರನ್ನು ಕಟ್ಟಿದಂತಾಯಿತು.

ಇಷ್ಟನ್ನೂ ಕೂಡಿಸಿ ನೋಡಿದರೆ ಪರದೇಶದ ಕಾಯಕಕ್ಕೆ ಅಧಿಕಾರಿಯಾರೆಂಬುದು ಸ್ಪಷ್ಟವಾಗುವುದು. ನೀರು, ಮಣ್ಣು, ಭಾರಗಳನ್ನು ಪರೀಕ್ಷಿಸದೆ ಒಂದು ಗೆರೆಯನ್ನೂ ಎಳೆಯದವನು. ತನಗೆ ತಿಳಿಯದುದನ್ನು ತಿಳಿಯದೆಂದು ಹೇಳಿ ಹಿರಿಯ ಇಂಜಿನಿಯರನ ಕೈಯಿಂದ ತಿದ್ದಿಸಿಕೊಳ್ಳುವವನು. ನಕ್ಷೆಯನ್ನು ಬಿಡಿಸುವ ಮೊದಲು ನೀರು ಹೊರುವವಳ ಮಾತನ್ನು ಕೇಳುವವನು. ಹಿಂದಿರುಗಿದ ಮೇಲೂ ವರ್ಷಕ್ಕೊಮ್ಮೆಯಾದರೂ 'ನೀರು ಬರುತ್ತಿದೆಯೇ, ಗೋಡೆ ಬಿರುಕು ಬಿಟ್ಟಿಲ್ಲವೇ' ಎಂದು ವಿಚಾರಿಸುವವನು. ಬಿಟ್ಟಿದೆಯೆಂದು ಉತ್ತರ ಬಂದರೆ ಅದನ್ನು ತನ್ನ ಮನೆಯ ಗೋಡೆಯ ಬಿರುಕೆಂದು ಬಗೆಯುವವನು ಹೋಗಬಹುದು. ಅಂಥವನಿಗೆ ಊರು ಪರವೂರುಗಳ ಭೇದ ತಾನಾಗಿ ಅಳಿಯುತ್ತದೆ. ಬೆಲೀಜಿನ ಹಳ್ಳಿಯ ನೀರಿಗೆ ಉತ್ತರವಾದಿಯಾಗಲು ಕಲಿತವನು ಹಾನಗಲ್ಲಿನ ಕೆರೆಯ ತೂಬನ್ನು ಕಂಡೂ ಕಾಣದವನಂತೆ ದಾಟಿ ಹೋಗಲಾರನು. ಹಾಗೆ ದಾಟಿ ಹೋದರೆ ಅಲ್ಲಿಯೂ ಅವನು ಕಲಿತದ್ದು ಏನೂ ಇಲ್ಲವೆಂದೇ ತಿಳಿಯಬೇಕು.

ನಕ್ಷೆಯ ಕೆಳಗೆ ಹಾಕುವ ಸಹಿಗೆ ಲೋಕದಲ್ಲಿ ಒಂದೇ ಅರ್ಥ, ಇದನ್ನು ಮಾಡಿದವನು ಇಂಥವನೆಂದು. ಶರಣಮಾರ್ಗದಲ್ಲಿ ಅದಕ್ಕೆ ಇನ್ನೊಂದು ಅರ್ಥವುಂಟು: ಇದಕ್ಕೆ ಉತ್ತರ ಹೇಳಬೇಕಾದವನು ಇಂಥವನೆಂದು. ಮೊದಲನೆಯ ಅರ್ಥವನ್ನು ಅಳಿಸಿ ಎರಡನೆಯದನ್ನು ಉಳಿಸಿಕೊಂಡು ಸಹಿ ಮಾಡಬಲ್ಲ ತರುಣರು ಈ ಸೀಮೆಯಿಂದ ಯಾವ ದೇಶಕ್ಕೆ ಹೋದರೂ ಅದು ಕಾಯಕವೇ, ಅದು ದಾಸೋಹವೇ.